ಒಂದೇ ರಾತ್ರಿ ಈಚೆಗೆ ತಿರುಗುವ ಬೊಂಬೆಗಳು

ಮಾರ್ಚ್ ನಾಲ್ಕು. ಬೆಳಕಿನ್ನೂ ಹರಿದಿಲ್ಲ. ಮಿಝುಹಾರ ದೊರೆಮನೆತನದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಕಪಾಟಿನ ಹಿಂಬಾಗಿಲು ತೆರೆದು ತೊಮೆ ಮಂಡಿಯೂರಿ ಕೂತಿದ್ದಾಳೆ. ಇನ್ನೂರು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದವಳು ತಂದ ಹದಿನೈದು ಬೊಂಬೆಗಳು ನಿನ್ನೆ ಸಂಜೆಯಿಂದ ನೋಡುಗರ ಕಡೆಗೆ ಬೆನ್ನು ಹಾಕಿವೆ. ಒಂಬತ್ತು ಗಂಟೆಗೆ ಜನ ಬರುವುದರೊಳಗೆ ಎಲ್ಲವನ್ನೂ ಮತ್ತೆ ಮುಂದಕ್ಕೆ ತಿರುಗಿಸಬೇಕು.

ಹೆಣ್ಣುಮಕ್ಕಳ ಬೊಂಬೆಹಬ್ಬ ಮೂರನೇ ತಾರೀಕಿಗೇ ಮುಗಿಯುತ್ತದೆ. ಆಮೇಲೂ ಬೊಂಬೆ ಎತ್ತಿಡದಿದ್ದರೆ ಮನೆಯ ಹುಡುಗಿಗೆ ಮದುವೆ ತಡವಂತೆ. ಇಲ್ಲಿ ಏಪ್ರಿಲ್‌ವರೆಗೂ ಜನ ಬರುತ್ತಾರೆ, ಎತ್ತಿಡುವಂತಿಲ್ಲ. ಒಂದು ರಾತ್ರಿ ಹಿಂದಕ್ಕೆ ತಿರುಗಿಸಿದರೆ ಎತ್ತಿಟ್ಟ ಹಾಗೆಯೇ. ಮೂವತ್ತೊಂದು ವರ್ಷದಿಂದ ಕಪಾಟಿನ ಧೂಳು ತೆಗೆಯುತ್ತಿರುವ ತೊಮೆಗೇ ಈ ಕೆಲಸವೂ ಸೇರಿದೆ.

ಅವಳಿಗೀಗ ಎಪ್ಪತ್ತೆರಡು, ಮದುವೆಯಾಗಿಲ್ಲ. ಟಿಕೆಟ್ ಕೊಡುವ ಶಿಗೆ ಎಂಬವಳು ವರ್ಷವೂ ಕೆಣಕುತ್ತಾಳೆ: "ತಿರುಗಿಸಿದ್ದು ಸಾಲಲಿಲ್ಲ ಕಣಕ್ಕಾ, ನಿನಗಿನ್ನೂ ಗಂಡು ಸಿಗಲಿಲ್ಲ."

"ಸಿಕ್ಕವಳ ಗತೀನ ದಿನಾ ನೋಡ್ತಿದೀನಲ್ಲ," ಎಂದು ಇವಳು.

ತೊಮೆ ಅಂದರೆ 'ಸಾಕು ನಿಲ್ಲಿಸು' ಎಂದಂತೆ. ಆರನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು. ಅವರ ಮನೆಯ ಬೊಂಬೆಗಳು ದೊಡ್ಡಕ್ಕನ ಪಾಲು. ಇವಳ ಸರದಿ ಬರುವಷ್ಟರಲ್ಲಿ ಬೊಂಬೆಯ ಖಾಲಿ ಪೆಟ್ಟಿಗೆಯೂ ಉಳಿದಿರಲಿಲ್ಲ.

ಇಂದು ಅವಳ ಹಿಂದೆ ಹೊಸ ಮೇಲ್ವಿಚಾರಕ ನಾಗುಮೊ ಕೈಕಟ್ಟಿ ನಿಂತಿದ್ದಾನೆ. ಇಷ್ಟು ಹಳೆಯ ಬೊಂಬೆಗಳನ್ನು ಒಂದು ನಂಬಿಕೆಗಾಗಿ ಎರಡೆರಡು ಸಲ ಮುಟ್ಟುವುದು ಬೇಡ ಎಂಬುದು ಅವನ ವಾದ. ಕಣ್ಣಾರೆ ನೋಡಿ, ಮುಂದಿನ ವರ್ಷದಿಂದ ನಿಲ್ಲಿಸುವುದೋ ಹೇಗೋ ಹೇಳುತ್ತೇನೆ ಎಂದಿದ್ದಾನೆ.

ತೊಮೆ ಬೊಂಬೆಯನ್ನು ಮುಟ್ಟುವುದೇ ಇಲ್ಲ. ಒಂದೊಂದರ ಕೆಳಗೂ ಅವಳೇ ಹೊಲಿದ ರೇಷ್ಮೆಯ ಪುಟ್ಟ ಹಾಸು. ಅದರ ಅಂಚು ಹಿಡಿದು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟಷ್ಟೇ ಸರಿಸುತ್ತಾ ತಿರುಗಿಸುತ್ತಾಳೆ. ಹದಿನಾಲ್ಕು ಮುಗಿದವು. ಕೊನೆಗುಳಿದ ದೊರಸಾನಿ ಬೊಂಬೆಯ ಎದುರು ಕೈ ನಿಲ್ಲುತ್ತದೆ.

ಯಾಕೆ ನಿಲ್ಲಿಸಿದಿರಿ ಎಂದು ನಾಗುಮೊ ಕೇಳುತ್ತಾನೆ.

"ಈ ಕಪಾಟಿಗೆ ಬಾಗಿಲಿರೋದು ಹಿಂದೆ ಮಾತ್ರ, ಸ್ವಾಮಿ. ವರ್ಷವಿಡೀ ನಾನು ಕಾಣೋದು ಇವರ ಹೆರಳು, ಬೆನ್ನು. ಮುಂದೆ ಹೋಗಿ ನಿಂತ್ರೆ ಮುಖ ಕಾಣುತ್ತೆ, ನಿಜ. ಆದ್ರೆ ಅಲ್ಲಿ ಇವರು ಎಲ್ಲರನ್ನೂ ನೋಡ್ತಾರೆ. ಈ ಒಂದು ರಾತ್ರಿ ನನ್ನ ಕಡೆ ನೋಡ್ತಾರೆ."

ನಾಗುಮೊ ಬಗ್ಗಿ ರೇಷ್ಮೆಯ ಹಾಸಿನ ಹೊಲಿಗೆಯನ್ನು ನೋಡುತ್ತಾನೆ. ಮುಂದಿನ ವರ್ಷ ತಿರುಗಿಸುವಾಗ ನನ್ನನ್ನೂ ಕರೆಯಿರಿ, ಇದನ್ನು ಕಲಿಯಬೇಕು ಎನ್ನುತ್ತಾನೆ.

ತೊಮೆ ದೊರಸಾನಿಯನ್ನು ಮೆಲ್ಲಗೆ ನೋಡುಗರತ್ತ ತಿರುಗಿಸುತ್ತಾಳೆ.

"ಬನ್ನಿ. ಆದ್ರೆ ಕೂರೋದು ಈ ಕಡೆಗೇ."