ಗಿರಣಿಗೆ ಹೋದ ಮಧ್ಯಾಹ್ನಗಳು

ಬಿಸಿ ಹಿಟ್ಟಿನ ವಾಸನೆ ಬಂದರೆ ಜನರಿಗೆ ರೊಟ್ಟಿ ನೆನಪಾಗುತ್ತದೆ. ನನಗೆ ಆಕಳಿಕೆ ಬರುತ್ತದೆ. ನಗಬೇಡಿ. ಮೊನ್ನೆ ಗೋಕಾಕದಲ್ಲಿ ನಮ್ಮ ಓಣಿಯ ಕೊನೆಯ ಗಿರಣಿಗೆ ಜೋಳ ಬೀಸಿಸಲು ಹೋದಾಗಲೂ ಅದೇ ಆಯಿತು. ಆಗತಾನೇ ಕರೆಂಟು ಹೋಗಿ ಗಿರಣಿ ನಿಂತಿತ್ತು. ಡಬ್ಬಿಯನ್ನು ಪಾಳಿಗೆ ಇಟ್ಟು, ಬಾಯಿ ಅಗಲಿಸಿ ಆಕಳಿಸಿದೆ. ನನ್ನನ್ನು ನೋಡಿ ಗಿರಣಿಯವರೂ ಆಕಳಿಸಿದರು. ಜೊತೆಗೆ ಬಂದಿದ್ದ ನನ್ನ ಅತ್ತೆ ಮಾತ್ರ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದರು.

ಮೊಣಕಾಲಿನ ಆಪರೇಶನ್ ಆದ ಮೇಲೆ ಎರಡು ತಿಂಗಳಿಂದ ಅವರಿಗೆ ಸರಿಯಾಗಿ ನಿದ್ದೆಯೇ ಇಲ್ಲ. ಗುಳಿಗೆ ಆಯಿತು, ಹಾಲಿನಲ್ಲಿ ಜಾಜಿಕಾಯಿ ತೇಯ್ದು ಕೊಟ್ಟದ್ದಾಯಿತು, ಅಂಗಾಲಿಗೆ ಎಣ್ಣೆ ತಿಕ್ಕಿದ್ದೂ ಆಯಿತು. ದಿನಾ ನಾಲ್ಕು ಹೆಜ್ಜೆ ನಡೆಸಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಅವತ್ತು ಗಿರಣಿಯವರೆಗೆ ನಡೆಸಿಕೊಂಡು ಬಂದಿದ್ದೆ. ಇಷ್ಟೊಂದು ಸಂಕಟ ಯಾಕೆ ಅಂತೀರಾ? ಮದುವೆಯಾದ ಮೇಲೆ ನಾನು ಮಾಡಿದ ಮಧ್ಯಾಹ್ನದ ನಿದ್ದೆಯೆಲ್ಲ ಈ ಹೆಂಗಸು ಕೊಟ್ಟದ್ದು. ಅವರಿಗೊಂದು ನಿದ್ದೆ ಕೊಡಲು ನನ್ನ ಕೈಲಾಗುತ್ತಿರಲಿಲ್ಲ.

ನಾನು ಹುಟ್ಟಿದ್ದು ಹುಕ್ಕೇರಿಯ ಒಂದು ನಿದ್ದೆಬಡಕರ ಮನೆಯಲ್ಲಿ. ಅಪ್ಪ ಟೇಲರ್. ಊಟವಾದ ಕೂಡಲೇ ಹೊಲಿಗೆ ಮಷಿನ್ನಿಗೆ ಬಟ್ಟೆ ಹೊದಿಸಿ, "ಅದಕ್ಕೂ ದಣಿವಾಗಿರತೈತಿ" ಎಂದು ಅದರ ಪಕ್ಕದಲ್ಲೇ ಚಾಪೆ ಹಾಸಿ ಅಡ್ಡಾಗುತ್ತಿದ್ದರು. ಅವರ ಹಿಂದೆ ಅವ್ವ, ನಾನು, ತಂಗಿ, ಸಾಲಾಗಿ. ಮಧ್ಯಾಹ್ನದ ನಿದ್ದೆಗೆ ದೊಡ್ಡ ಸಿದ್ಧತೆ ಬೇಡ, ನೋಡಿ. ಸೆರಗೊಂದನ್ನು ಮುಖದ ಮೇಲೆ ಎಳೆದುಕೊಂಡರೆ ಮುಗಿಯಿತು. ಹೊರಗೆ ಸೈಕಲ್ ಗಂಟೆ, ಪಾತ್ರೆಯ ಸದ್ದು, ಯಾರೋ ಯಾರನ್ನೋ ಕೂಗುವುದು, ಎಲ್ಲ ಕೇಳುತ್ತಲೇ ಇರುತ್ತದೆ. ಯಾವುದಕ್ಕೂ ನಾವು ಏಳಬೇಕಾಗಿಲ್ಲ. ಎದ್ದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ, ಇದು ಇವತ್ತೋ ನಾಳೆಯೋ ಎಂಬ ಗೊಂದಲ, ಆಮೇಲೆ ಚಹಾ. ಆಹಾ!

ಇಂಥವಳನ್ನು ಮೂಡಲಗಿಗೆ ಕೊಟ್ಟರು. ಅಲ್ಲಿ ಹಗಲು ಮಲಗುವುದೆಂದರೆ ಜ್ವರ ಬಂದವರ ಕೆಲಸ. ಅತ್ತೆ ಊಟ ಮುಗಿಸಿ ಕೈ ತೊಳೆದವರೇ ಶೇಂಗಾ ಒಡೆಯಲು ಕೂಡುತ್ತಿದ್ದರು. ನಾನೂ ಕೂಡುತ್ತಿದ್ದೆ; ತೂಕಡಿಸುತ್ತಾ ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಹಾಕುತ್ತಿದ್ದೆ. ಸೊಸೆ ನಿದ್ದೆಬಡಕಿ ಎಂದು ಹೆಸರು ಬಂದರೆ ಇಡೀ ಹುಕ್ಕೇರಿಯ ಮಾನ ಹೋದೀತೆಂಬ ಹೆದರಿಕೆ ಬೇರೆ. ಹೇಗೋ ಒಂದು ತಿಂಗಳು ತಡೆದೆ. ಒಂದು ದಿನ ಒಳಕೋಣೆಯಲ್ಲಿ ಜೋಳ ಹಸನು ಮಾಡುತ್ತಾ ಚೀಲಕ್ಕೆ ಒರಗಿದವಳು ಹಾಗೆಯೇ ನಿದ್ದೆ ಹೋದೆ. ಎಚ್ಚರವಾದಾಗ ಪಡಸಾಲೆಯಲ್ಲಿ ಪಕ್ಕದ ಮನೆಯ ಗಂಗವ್ವನ ದನಿ.

"ಎಲ್ಲಿ ಅದಾಳ ನಿನ್ನ ಸೊಸಿ? ಕಾಣವಲ್ಲಳ."

"ಗಿರಣಿಗೆ ಹೋಗ್ಯಾಳ," ಅಂದರು ಅತ್ತೆ.

"ಕರೆಂಟ ಇಲ್ಲ. ಗಿರಣಿ ಹೆಂಗ ನಡದೈತಿ?"

"ಅದಕ್ಕ ಹೋಗ್ಯಾಳ. ಕರೆಂಟ ಬರೂದ್ರಾಗ ಪಾಳಿ ಹಿಡೀಬೇಕಲ್ಲ!"

ಗಿರಣಿಗೆ ಹೋದ ನಾನು ಚೀಲದ ಹಿಂದೆ ಉಸಿರು ಬಿಗಿಹಿಡಿದು ಬಿದ್ದಿದ್ದೆ. ಅಷ್ಟರಲ್ಲಿ ಸೀನು ಬಂತು, ಮೂಗು ಹಿಸುಕಿಕೊಂಡೆ. ಗಂಗವ್ವ ಹೋದ ಮೇಲೆ ಅತ್ತೆ ಮತ್ತೆ ಶೇಂಗಾ ಒಡೆಯಲು ಕೂತರು. ನಾನು ಎದ್ದು ಉಳಿದ ಜೋಳ ಹಸನು ಮಾಡಿದೆ.

ಮರುದಿನ ಊಟವಾದ ಮೇಲೆ ಅವರೇ, "ಗಿರಣಿಗೆ ಹೋಗಿ ಬಾ" ಅಂದರು. ಇದು ನಿನ್ನೆಯ ತಪ್ಪಿಗೆ ಶಿಕ್ಷೆ ಎಂದುಕೊಂಡೆ. ಡಬ್ಬಿಗೆ ಜೋಳ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಕಣ್ಣೀರು ನುಂಗುತ್ತಾ ಸುಡುಬಿಸಿಲಿಗೆ ಇಳಿದೆ. ಅತ್ತೆ ಹಿಂದಿನಿಂದ ಓಡಿ ಬಂದು ಡಬ್ಬಿ ಕಸಿದುಕೊಂಡರು.

"ಅಯ್ಯ ಹುಚ್ಚಿ! ಡಬ್ಬಿ ಯಾಕ? ತೆಲಿದಿಂಬ ತಗೊಂಡ ಹೋಗ!"

ಅಂದಿನಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಅದೇ ಹೆಸರು. ರವಿವಾರ ನನ್ನ ಗಂಡನೂ, "ನಾನೂ ಒಂದೀಟ ಗಿರಣಿಗೆ ಹೋಗಿ ಬರ್ತೇನಿ" ಎಂದು ಹೊದ್ದುಕೊಳ್ಳುತ್ತಿದ್ದರು. ಹತ್ತು ನಿಮಿಷದ ಜೊಂಪಿಗೆ ಅರ್ಧ ಕಿಲೋ, ಭರ್ಜರಿ ನಿದ್ದೆಗೆ ಇಡೀ ಚೀಲ ಎಂದು ಲೆಕ್ಕ. ಗೋಕಾಕಕ್ಕೆ ಬಂದು ಮನೆ ಮಾಡಿದ ಮೇಲೂ ನಾನು ದಿನಾ ಬೀಸಿದ್ದೇ ಬೀಸಿದ್ದು. ಅಷ್ಟೂ ವರ್ಷ ಬಾಗಿಲಲ್ಲಿ ಕೂತು ಬಂದವರನ್ನು ಸಾಗಹಾಕಿದ್ದು ಅತ್ತೆ. ತಾವು ಮಾತ್ರ ಒಂದು ದಿನವೂ ಹಗಲಲ್ಲಿ ಬೆನ್ನು ನೆಲಕ್ಕೆ ಹಚ್ಚಲಿಲ್ಲ. ನಾನು ಒತ್ತಾಯ ಮಾಡಿದ್ದೂ ಕಡಿಮೆಯೇ; ನನಗೆ ನಿದ್ದೆಯ ಅವಸರ.

ಮೊನ್ನೆ ಕರೆಂಟಿಗೆ ಕಾಯುತ್ತಾ ಕೂತಾಗ ಮೊದಲ ಸಲ ಕೇಳಿದೆ: "ಅತ್ತಿ, ಅವತ್ತ ಗಂಗವ್ವಗ ಗಿರಣಿ ಅಂತನ ಯಾಕ ಹೇಳಿದ್ರಿ?"

ಅತ್ತೆ ನಕ್ಕರು. "ಮತ್ತೇನ ಹೇಳಲಿ? ನಮ್ಮತ್ತಿ ನನಗ ಗ್ವಾಡಿಗೆ ಬೆನ್ನ ಹಚ್ಚಾಕ ಬಿಡತಿದ್ದಿಲ್ಲ. ನಾ ಖರೇನ ಗಿರಣಿಗೆ ಹೋಗಿ ಮಕ್ಕೋತಿದ್ನಿ. ಚೀಲದ ಮ್ಯಾಲ ಕುಂತ್ರ ಸಾಕ, ಆ ಸಪ್ಪಳದಾಗ ಚಂದ ನಿದ್ದಿ ಹತ್ತತಿತ್ತ. ದೇವರ, ಪಾಳಿ ಉದ್ದ ಇರಲಿ ಅಂತ ಬೇಡ್ಕೋತ ಹೋಗ್ತಿದ್ನಿ."

ತಮಗೆ ಸಿಕ್ಕಿದ್ದ ಒಂದೇ ಒಂದು ಜಾಗವನ್ನು ಅವತ್ತು ನನಗೆ ಬಿಟ್ಟುಕೊಟ್ಟಿದ್ದರು.

ಅಷ್ಟರಲ್ಲಿ ಕರೆಂಟು ಬಂತು. ಗಿರಣಿ ಗುಡುಗತೊಡಗಿತು, ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿತು. ಒಂದೆರಡು ಡಬ್ಬಿ ಮುಗಿಯುವುದರೊಳಗೆ ತಿರುಗಿ ನೋಡುತ್ತೇನೆ, ಅತ್ತೆಯ ತಲೆ ಗೋಡೆಗೆ ಒರಗಿದೆ. ಬಾಯಿ ಸ್ವಲ್ಪ ತೆರೆದಿದೆ. ರೆಪ್ಪೆಯ ಮೇಲೆ ಹಿಟ್ಟಿನ ಪುಡಿ ಕೂತಿದೆ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

"ಅಕ್ಕಾರ, ನಿಮ್ಮ ಪಾಳಿ ಬಂತ್ರಿ," ಗಿರಣಿಯವರು ಕರೆದರು.

ಹತ್ತಿರ ಹೋಗಿ ಹೇಳಿದೆ: "ಹಿಂದಿನವರದ ಹಾಕ್ರಿ. ನಮಗೇನ ಅವಸರಿಲ್ಲ."

ಅವರದೂ ಮುಗಿಯಿತು. ಗಿರಣಿಯವರು ಮತ್ತೆ ನನ್ನ ಕಡೆ ನೋಡಿದರು. ನಾನೇ ನಮ್ಮ ಡಬ್ಬಿ ಎತ್ತಿ ಪಾಳಿಯ ಕೊನೆಗೆ ಇಟ್ಟು ಬಂದೆ. ಬಾಗಿಲಲ್ಲಿ ಇನ್ನಿಬ್ಬರು ಹೆಂಗಸರು ಡಬ್ಬಿ ಹೊತ್ತುಕೊಂಡು ಬರುತ್ತಿದ್ದರು. "ಬರ್ರಿ, ಬರ್ರಿ, ಮುಂದ ಇಡ್ರಿ" ಅಂದೆ, ಮನೆಗೆ ಬಂದ ಬೀಗರನ್ನು ಕರೆದ ಹಾಗೆ.