ಕೆಂಪು ಬೊಟ್ಟಿನ ಚಿಪ್

ಮೊನ್ನೆ ಬೀರು ಒರೆಸುವಾಗ ಹಳೇ ಪೌಡರ್ ಡಬ್ಬಿಯಲ್ಲಿ ಒಂದು ಕಂಪ್ಯೂಟರ್ ಚಿಪ್ ಸಿಕ್ಕಿತು. ಅದರ ನೆತ್ತಿಯ ಮೇಲೆ ಹೆಂಗಸರು ಹಣೆಗಿಡುವ ಕೆಂಪು ಸ್ಟಿಕ್ಕರ್ ಬೊಟ್ಟು. ಅರಸೀಕೆರೆ ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿ ಮಾವ ನೆನಪಾದರು…

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ಬಾಣಾವರದಲ್ಲಿ ತೆಂಗಿನಕಾಯಿ ಸುಲಿದು ಓದಿಸಿದರು. ಆ ಹೆಮ್ಮೆಯ ಬಿಸಿ ಆರುವ ಮೊದಲೇ ಮಾವನ ಬಳಿ ಕೆಲಸ ಕಲಿಯಲು ಹೋದೆ. ಆಗ ಅಲ್ಲಿಗೆ ಅರೇಹಳ್ಳಿ ಕಡೆಯ ಕ್ಲಬ್ಬಿನಿಂದ ಪಿನ್‌ಬಾಲ್ ಮೆಷಿನ್ ಬಂದಿತ್ತು. ಗಾಜಿನಡಿ ಉಕ್ಕಿನ ಗುಂಡು ಓಡುತ್ತದೆ. ಎರಡು ರೆಕ್ಕೆಗಳಿಂದ ಅದನ್ನು ಮೇಲಕ್ಕೆ ಹೊಡೆಯಬೇಕು. ಗುಂಡು ಎಡಗಡೆ ಕುಳಿಗೆ ಬಿದ್ದರೆ ಒಮ್ಮೊಮ್ಮೆ ಆಟ ನಿಂತೇ ಹೋಗುತ್ತಿತ್ತು. ಅದು ಹಳೇ ಸಾಫ್ಟ್‌ವೇರಿನ ದೋಷ. ಮಾವ ಹೊಸ ಆವೃತ್ತಿಯ ಚಿಪ್ ತರಿಸಿದ್ದರು. ಹಳೆಯದಕ್ಕೆ ಕೆಂಪು ಬೊಟ್ಟು, ಹೊಸದಕ್ಕೆ ಹಸಿರು. ಸಂಜೆ ಕ್ಲಬ್ಬಿನ ಜೀಪು ಬರುವುದಿತ್ತು. ಇನ್ನೊಮ್ಮೆ ಕೆಟ್ಟರೆ ಗುಜರಿಗೇ ಎಂದು ಕ್ಲಬ್ಬಿನವರು ಹೇಳಿದ್ದರು.

ನನಗೆ ಆ ಬೊಟ್ಟು ನೋಡಿ ನಗು. ಮಾವ ಊಟಕ್ಕೆ ಹೋದಾಗ ಎರಡೂ ಬೊಟ್ಟು ಕಿತ್ತು, ಇಂಗ್ಲಿಷಿನಲ್ಲಿ ನೀಟಾಗಿ ಲೇಬಲ್ ಬರೆದೆ. ಅಂಟಿಸಲು ಹೋದರೆ ಯಾವುದು ಹಳೆಯದು, ಯಾವುದು ಹೊಸದು ತಿಳಿಯಲಿಲ್ಲ! ಮೆಷಿನ್ ಶುರುವಾಗುವಾಗ ಆವೃತ್ತಿ ಸಂಖ್ಯೆ ತೋರಿಸುವ ಜಾಗವೂ ಸುಟ್ಟುಹೋಗಿತ್ತು.

ಮಾವ ಬಂದವರೇ ಎರಡೂ ಚಿಪ್ಪನ್ನು ಅಂಗೈಯಿಂದ ಮುಚ್ಚಿದರು.

“ಮೇಲಿನ ಗಾಜಿನ ಕಿಂಡೀಲಿ ಬೆಳಕು ಬಿದ್ರೆ ಒಳಗಿಂದು ಅಳಿಸೋಯ್ತದೆ ಅಂತ ಬೊಟ್ಟಿಟ್ಟಿದ್ದು ಕಣವ್ವ. ನಿಮ್ ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?”

ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದೂ ಇದ್ದೆ.

“ಈಗೇನ್ ಮಾಡೋದು ಮಾವ?”

“ಆಡು. ನಿಂತ್ರೆ ಹಳೇದು.”

“ನಿಲ್ದೇ ಇದ್ರೆ?”

“ಇನ್ನೊಂದು ಹಾಕಿ ಆಡು. ಯಾವ್ದಾರ ಒಂದು ನಿಲ್ಲಲೇಬೇಕಲ್ಲ!”

ಮಧ್ಯಾಹ್ನವೆಲ್ಲ ಆಡಿದೆವು. ರಿಪೇರಿಗೆ ಬಂದದ್ದರಲ್ಲಿ ಎಂದೂ ಆಡದ ಮಾವ ಅಂಗಿಯ ತೋಳು ಮಡಚಿ ಆಟಕ್ಕೆ ನಿಂತಿದ್ದರು. ಮೊದಲ ಚಿಪ್ ಎಷ್ಟು ಆಡಿದರೂ ನಿಲ್ಲಲಿಲ್ಲ. ಎರಡನೆಯದನ್ನು ಹಾಕಿದೆವು. ಹೊರಗೆ ಜೀಪು ನಿಂತ ಸದ್ದಾಯಿತು. ಅಷ್ಟರಲ್ಲಿ ಗುಂಡು ಎಡಗಡೆ ಕುಳಿಗೆ ಬಿತ್ತು. ದೀಪಗಳೆಲ್ಲ ಇದ್ದಲ್ಲೇ ನಿಂತವು. ಇಬ್ಬರೂ ಕೂಗಿಬಿಟ್ಟೆವು! ಮೆಷಿನ್ ಕೆಟ್ಟಿದ್ದಕ್ಕೆ ಚಪ್ಪಾಳೆ ತಟ್ಟುವವರನ್ನು ಡ್ರೈವರ್ ಬೆಪ್ಪಾಗಿ ನೋಡಿದ.

ಹೊಸ ಚಿಪ್ ಮೆಷಿನ್ ಜೊತೆ ಹೋಯಿತು. ಹಳೆಯದಕ್ಕೆ ಮಾವ ಹೊಸದೊಂದು ಕೆಂಪು ಬೊಟ್ಟಿಟ್ಟು ನನ್ನ ಕೈಗೆ ಕೊಟ್ಟರು. “ಇಟ್ಕೋ. ಕಂಡ್ಹಿಡ್ದೋಳು ನೀನೇ ಅಲ್ವಾ.”

ಈಗ ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತೇನೆ. ನಿನ್ನೆ ಆ ಚಿಪ್ಪನ್ನು ಲ್ಯಾಬಿಗೆ ಒಯ್ದು, ಬೊಟ್ಟು ಕೀಳದೆಯೇ ಕಂಪ್ಯೂಟರಿಗೆ ಜೋಡಿಸಿ ಓದಿಸಿದೆ. ಒಂದಕ್ಷರವೂ ಅಳಿಸಿರಲಿಲ್ಲ. ಆವೃತ್ತಿ ಸಂಖ್ಯೆ ಪರದೆ ಮೇಲೆ ಸ್ಪಷ್ಟವಾಗಿ ಮೂಡಿತು. ಅವತ್ತು ನಾವಿಬ್ಬರೂ ನೋಡಲಾಗದಿದ್ದ ಸಂಖ್ಯೆ… ಹೇಳಲು ಓಡಿಹೋಗೋಣವೆಂದರೆ ಆ ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಮಾವ ತೀರಿಕೊಂಡು ವರ್ಷಗಳಾದವು.