ಸೀಟಿನ ಕೆಳಗಿದ್ದ ಶಾಫ್ಟು

ಜೀಪಿನ ಮುಂದಿನ ಚಕ್ರಗಳಿಗೆ ಬಲ ಕೊಡುವ ಶಾಫ್ಟೇ ಅಲ್ಲಿರಲಿಲ್ಲ. ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರಿನ ಒಂದು ಭಾನುವಾರ, ಹೊಸ ಸರ್ಕಾರಕ್ಕೆ ಒಪ್ಪಿಸಲೆಂದು ಕಚೇರಿಯ ಹಳೆಯ ಜೀಪಿನ ಭಾಗಗಳನ್ನು ಪಟ್ಟಿ ಮಾಡಲು ನಾನು ಅದರ ಕೆಳಗೆ ಮಲಗಿದ್ದೆ. ಪಟ್ಟಿಯಲ್ಲಿದ್ದುದು ಎರಡೇ ಅಂಕಣ: ‘ಜೋಡಿಸಿದೆ’, ‘ಕಾಣೆಯಾಗಿದೆ’. ಎರಡನೆಯದರಲ್ಲಿ ಗುರುತು ಹಾಕಿದರೆ, ಪಕ್ಕದಲ್ಲಿ ಗ್ರೀಸು ತುಂಬುತ್ತಿದ್ದ ವೃದ್ಧ ಮೆಕ್ಯಾನಿಕ್ ಉಸ್ತಾದರ ನೌಕರಿ ಹೋಗುತ್ತಿತ್ತು, ಹಾಕದಿದ್ದರೆ ನನ್ನದು. ನಾನು ಗುರುತು ಹಾಕಿ, ಶಾಫ್ಟೆಲ್ಲಿ ಎಂದು ಗಡುಸಾಗಿ ಕೇಳಿದೆ.

ಉಸ್ತಾದರು ಹಿಂದಿನ ಸೀಟನ್ನು ಎತ್ತಿದರು. ಎಣ್ಣೆ ಸವರಿ ಗೋಣಿಯಲ್ಲಿ ಸುತ್ತಿದ್ದ ಶಾಫ್ಟು ಅಲ್ಲಿತ್ತು.

“ಮಳಿ ಮುಗೀತಲ್ರೀ ಸಾಬ್, ಬಿಚ್ಚಿಟ್ಟೇನಿ. ಔರಾದಕ್ಕ ಹೋಗೋ ರಸ್ತಾ ಒಣಗ್ಯದ, ಕೆಸರಿಲ್ಲ, ಹಿಂದಿನ ಗಾಲಿನೇ ಸಾಕು, ಸುಮ್ನ ಯಾಕ ಸವೀಬೇಕದು? ಮಳಿಗಾಲಕ್ಕ ಮತ್ತ ಹಾಕ್ತೇನಿ, ಪ್ರತಿ ವರ್ಷ ಹಿಂಗೇ ರೀ. ಬಿ.ಎ. ಮಾಡಿದವ್ರು, ನನ್ನ ಚೋರ್ ಅಂದ್ಕೊಂಡ್ರೇನ್ರಿ?”

ಗುರುತನ್ನು ಅಳಿಸಿದೆ. ಆದರೂ ‘ಜೋಡಿಸಿದೆ’ ಎಂದು ಬರೆಯಲು ಕೈ ಏಳಲಿಲ್ಲ. ನನ್ನ ಮುಖ ನೋಡಿದ ಉಸ್ತಾದರು ಜೀಪಿನ ಕೆಳಗೆ ತೆವಳಿ ಶಾಫ್ಟನ್ನು ಜೋಡಿಸಿಕೊಟ್ಟರು. ನಾನು ‘ಜೋಡಿಸಿದೆ’ ಎಂಬಲ್ಲಿ ಗುರುತು ಮಾಡಿ ಸಹಿ ಹಾಕಿದೆ.

ಸೋಮವಾರ ಸಂಜೆ ಅದು ಮತ್ತೆ ಸೀಟಿನ ಕೆಳಗೆ, ಗೋಣಿಯಲ್ಲಿತ್ತು. ನಾನು ಬರೆದುದು ಸತ್ಯವೋ ಸುಳ್ಳೋ ಇಂದಿಗೂ ನಿರ್ಧರಿಸಲಾಗಿಲ್ಲ.